ರಷ್ಯನ್ ಭಾಷಾಧ್ಯಯನ ಮತ್ತು ಕನ್ನಡ ವಿದ್ಯಾರ್ಥಿ

ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲ್‌ನಲ್ಲಿ 615 ಎಕರೆ ವಿಸ್ತೀರ್ಣದ ಹೆಲಿಕಾಪ್ಟರ್ ಕಾರ್ಖಾನೆಯು 2023ರ ಫೆಬ್ರವರಿ 6ರಂದು ಉದ್ಘಾಟನೆಗೊಂಡುದು ನಮ್ಮ ಜಿಲ್ಲೆಯವರೆಲ್ಲರಿಗೂ ವಿದಿತವಾದ ಸಂಗತಿ. ಅಲ್ಲಿಯ ಹಗುರ ಹೆಲಿಕಾಪ್ಟರು ಸ್ವದೇಶೀ ವಿನ್ಯಾಸದ್ದು. ಆದರೆ ಅದನ್ನು ನಡೆಸುವ ಹಿಂದೂಸ್ತಾನ್ ಏರೋನಾಟಿಕ್ಸ್ ಸಂಸ್ಥೆಯೇ ನಾಸಿಕದಲ್ಲಿ ಮಿಗ್-21, ಅನಂತರ ಸುಖೋಯ್-30 ವಿಮಾನಗಳನ್ನು ಮೊದಲು ಸೋವಿಯತ್ ಒಕ್ಕೂಟದ, ಬಳಿಕ ರಷ್ಯದ ಪರವಾನಗಿ ಪಡೆದು ನಿರ್ಮಿಸಿತು. ಯಂತ್ರದೊಡನೆ ಅದರ ಭಾಷೆಯೂ ಬರುತ್ತದೆ; ಆದುದರಿಂದ ರಷ್ಯನ್ ಬಲ್ಲವರಿಗೆ ನಮ್ಮ ದೇಶದಲ್ಲಿ ಕೆಲಸವುಂಟು. ಆದರೂ ಉದ್ಯೋಗವೊಂದೇ ಆ ಭಾಷೆಯನ್ನು ಕಲಿಯಲು ಕಾರಣವೆಂದು ತಿಳಿಯಬಾರದು. ಕನ್ನಡ ನಾಡಿನ ಚರಿತ್ರೆಯ ಒಂದು ಪುಟವೇ ಆ ಭಾಷೆಯಲ್ಲಿದೆ.

1470ರ ಸುಮಾರಿಗೆ ತ್ವೆರ್ ನಗರದ ಅಫನಾಸಿ ನಿಕಿತಿನ್ ಎಂಬ ವರ್ತಕನು ಕುದುರೆಯೊಂದನ್ನು ಮಾರಲೆಂದು ಬಹಮನೀ ರಾಜಧಾನಿಯಾದ ಬೀದರಿಗೆ ಬಂದನು. ಮಹಮೂದ್ ಗವಾನನು ಮಂತ್ರಿಯಾಗಿದ್ದ ಕಾಲವದು. ಅರಮನೆಯ ಕಾವಲು, ಸುಲ್ತಾನನ ಮೆರವಣಿಗೆಯ ಆನೆಗಳು, ಶ್ರೀಮಂತರ ಭೋಗ, ಹಳ್ಳಿಗರ ಬಡತನ ಇವೆಲ್ಲವನ್ನೂ ಅವನು ಕಂಡು ಬರೆದನು. ತಾನು ಮುಸಲ್ಮಾನನಲ್ಲ, ಕ್ರೈಸ್ತನೆಂದು ತಿಳಿಸಿದ ಮೇಲೆ ಇಲ್ಲಿಯ ಹಿಂದೂಗಳು ತಮ್ಮ ಊಟೋಪಚಾರ, ಪೂಜೆ, ವ್ಯಾಪಾರಗಳನ್ನು ತನ್ನಿಂದ ಮರೆಮಾಡಲಿಲ್ಲವೆಂದು ಹೇಳುತ್ತಾನೆ. ಅವರೊಡನೆ ಆತ ‘ಪರ್ವತ’ವೆಂಬ ಮಹಾಕ್ಷೇತ್ರಕ್ಕೂ ಯಾತ್ರೆ ಹೋದನು. ಯಾತ್ರಿಕರು ಮುಡಿಗೊಡುವುದನ್ನೂ, ಗುಡಿಯ ಸುತ್ತಲಿನ ಶಿಲ್ಪಗಳನ್ನೂ, ಜನರು ಹೂವೆರಚಿ ಗೊರಸಿಗೆ ಮುತ್ತಿಡುತ್ತಿದ್ದ ಕರಿಯ ಕಲ್ಲಿನ ದೊಡ್ಡ ವೃಷಭವನ್ನೂ ವರ್ಣಿಸಿದನು. ವಿದ್ವಾಂಸರು ಈ ಪರ್ವತವನ್ನು ಶ್ರೀಶೈಲವೆಂದು ಗುರುತಿಸಿದ್ದಾರೆ.

ನಿಕಿತಿನನು ಸ್ವದೇಶಕ್ಕೆ ಮರಳುವ ದಾರಿಯಲ್ಲಿ, ಸ್ಮೊಲೆನ್ಸ್ಕ್ ನಗರವನ್ನು ಸೇರುವ ಮುನ್ನವೇ ತೀರಿಕೊಂಡನು. ‘ಮೂರು ಸಮುದ್ರಗಳಾಚೆಯ ಯಾತ್ರೆ’ ಎಂಬ ಅವನ ಬರಹದ ಪ್ರತಿಯೊಂದು 19ನೆಯ ಶತಮಾನದ ಆರಂಭದಲ್ಲಿ ಇತಿಹಾಸಕಾರ ಕರಮ್‌ಜಿನನಿಗೆ ದೊರೆತುದು ಮಾಸ್ಕೋ ಬಳಿಯ ಒಂದು ಮಠದ ಗ್ರಂಥಭಂಡಾರದಲ್ಲಿ. 1857ರಲ್ಲಿ ಲಂಡನ್ನಿನ ಹಕ್ಲೂಯ್ಟ್ ಸೊಸೈಟಿಯು ಅದರ ಇಂಗ್ಲಿಷ್ ಅನುವಾದವನ್ನು ಪ್ರಕಟಿಸಿತು. ಮೂಲದ ಭಾಷೆ ಇಂದಿನ ರಷ್ಯನ್ ಅಲ್ಲ, ಹಳೆಯ ರಷ್ಯನ್. ನಡುನಡುವೆ ಪಾರಸಿ, ತುರ್ಕಿ, ಅರಬ್ಬೀ ಮಾತುಗಳು ಬೆರೆತಿವೆ. ಅನುವಾದದಲ್ಲಿ ಆ ಬೆರಕೆಯ ರುಚಿ ಉಳಿಯದು. ‘ಶ್ರೀಪರ್ವತ’ವೆಂಬ ಹಳೆಯ ಹೆಸರನ್ನು ಬಲ್ಲ, ಅಲ್ಲಮ-ಅಕ್ಕಮಹಾದೇವಿಯರ ಶ್ರೀಶೈಲವನ್ನು ಬಲ್ಲ ಕನ್ನಡಿಗನೊಬ್ಬನು ಮೂಲವನ್ನೇ ಓದಿದರೆ, ರಷ್ಯನ್ ಪಂಡಿತನಿಗೂ ಆಂಗ್ಲ ಪಂಡಿತನಿಗೂ ಕಾಣದ ಎಷ್ಟೋ ಸೂಕ್ಷ್ಮಗಳು ಅವನಿಗೆ ಕಂಡಾವು.

ಹಾಗಾದರೆ ಈ ಭಾಷೆ ನಮ್ಮವರಿಗೆ ದುಸ್ಸಾಧ್ಯವೇ? ಅಲ್ಲ. ಅದರ ಅಕ್ಷರಗಳು ಕೇವಲ 33. ವಿಭಕ್ತಿಗಳು ಆರು: ಪ್ರಥಮಾ, ದ್ವಿತೀಯಾ, ತೃತೀಯಾ, ಚತುರ್ಥೀ, ಷಷ್ಠೀ, ಸಪ್ತಮೀ. ಪಂಚಮಿಗೆ ಪ್ರತ್ಯೇಕ ರೂಪವಿಲ್ಲ. ಅದರ ಅರ್ಥವನ್ನು ಅಲ್ಲಿ ಷಷ್ಠಿಯು ಹೊರುತ್ತದೆ. ನಾವೂ ವ್ಯಾಕರಣದಲ್ಲಿ ‘ಮರದ ದೆಸೆಯಿಂದ’ ಎಂದು ಪಂಚಮಿಯನ್ನು ಹೇಳಿದರೂ ವ್ಯವಹಾರದಲ್ಲಿ ತೃತೀಯೆಯ ‘ಇಂದ’ ಪ್ರತ್ಯಯದಿಂದಲೇ ಕೆಲಸ ಸಾಗಿಸುತ್ತೇವಷ್ಟೆ. ವಿಭಕ್ತಿಯೆಂದರೆ ಇಂಗ್ಲಿಷರ ಮಕ್ಕಳು ಬೆದರಬಹುದು. ಶಾಲೆಯಲ್ಲಿ ವಿಭಕ್ತಿ ಪ್ರತ್ಯಯಗಳನ್ನು ಕಂಠಪಾಠ ಮಾಡಿದ ನಮ್ಮ ಮಕ್ಕಳು ಬೆದರಬೇಕಾಗಿಲ್ಲ.

ವಾಕ್ಯರಚನೆಯಲ್ಲಿಯೂ ಸಾಮ್ಯವುಂಟು. ‘ಯಾ ಸ್ತುದ್ಯೆಂತ್’ ಎಂದರೆ ‘ನಾನು ವಿದ್ಯಾರ್ಥಿ’, ಎರಡರಲ್ಲಿಯೂ ಕ್ರಿಯಾಪದವಿಲ್ಲ. ‘ಮ್ನ್ಯೆ ಹೋಲದ್ನ’ ಎಂದರೆ ‘ನನಗೆ ಚಳಿ’, ಎರಡರಲ್ಲಿಯೂ ಚತುರ್ಥಿಯೇ. ‘ನೀನು’, ‘ನೀವು’ ಎಂಬ ಭೇದ ಅಲ್ಲಿಯೂ ಇದೆ. ಹಿರಿಯರನ್ನು ಅವರ ಹೆಸರಿನೊಡನೆ ತಂದೆಯ ಹೆಸರನ್ನೂ ಸೇರಿಸಿ ಕರೆಯುವುದು ಅಲ್ಲಿಯ ಮರ್ಯಾದೆ. ಸಂಸ್ಕೃತ ಬಲ್ಲವನಿಗಂತೂ ‘ಮಾತ್’ ಮಾತೃವಾಗಿ, ‘ಬ್ರಾತ್’ ಭ್ರಾತೃವಾಗಿ, ‘ಅಗೋನ್’ ಅಗ್ನಿಯಾಗಿ, ‘ತ್ರಿ’ ತ್ರಿಯಾಗಿಯೇ ಕಾಣುತ್ತವೆ. ನಿಜವಾದ ಕಷ್ಟವಿರುವುದು ಕ್ರಿಯಾಪದದಲ್ಲಿ: ಕಾರ್ಯವು ನಡೆಯುತ್ತಿತ್ತೇ, ಮುಗಿಯಿತೇ ಎಂಬುದಕ್ಕೆ ತಕ್ಕಂತೆ ಧಾತುರೂಪವೇ ಬೇರೆಯಾಗುತ್ತದೆ. ಇದಕ್ಕೆ ವರ್ಷಗಳ ಅಭ್ಯಾಸ ಬೇಕು.

ವಿಶ್ವವಿದ್ಯಾನಿಲಯದ ವ್ಯಾಸಂಗದಲ್ಲಿ ಭಾಷೆಯೊಡನೆ ಚರಿತ್ರೆ, ಸಂಸ್ಕೃತಿಗಳೂ ಸೇರುವುದು ಯುಕ್ತವೇ ಆಗಿದೆ. 988ರ ಕ್ರೈಸ್ತದೀಕ್ಷೆ, 1480ರವರೆಗಿನ ಮಂಗೋಲ ಆಧಿಪತ್ಯ, 1861ರ ಜೀತವಿಮೋಚನೆ, 1917ರ ಕ್ರಾಂತಿ, 1991ರ ಸೋವಿಯತ್ ವಿಘಟನೆ ಇವನ್ನರಿಯದೆ ಅಲ್ಲಿಯ ಸಾಹಿತ್ಯ ತೆರೆದುಕೊಳ್ಳದು. ದೇ. ಜವರೇಗೌಡರು ಕನ್ನಡಕ್ಕೆ ತಂದ ‘ಅನ್ನಾ ಕರೆನಿನಾ’ ಕಾದಂಬರಿಯಲ್ಲಿ ಲೆವಿನ್ ಎಂಬ ಜಮೀನ್ದಾರನು ರೈತರ ವಿಷಯದಲ್ಲಿ ಪಡುವ ತೊಳಲಾಟವು 1861ರ ಹಿನ್ನೆಲೆಯಿಲ್ಲದೆ ಅರ್ಥವಾಗುವುದಿಲ್ಲ. ನಿರಂಜನರು ಗೋರ್ಕಿಯ ‘ತಾಯಿ’ಯನ್ನು ಕೊಟ್ಟರು. ಇವೆಲ್ಲ ಇಂಗ್ಲಿಷಿನ ಮೂಲಕ ಹರಿದುಬಂದ ನೀರು. ಆ ಮಹನೀಯರಿಗೆ ನಾವು ಋಣಿಗಳು. ಆದರೆ ಮೂಲದ ಸೆಲೆಗೆ ನೇರವಾಗಿ ಹೋಗಬಲ್ಲವರು ನಮ್ಮಲ್ಲಿ ತೀರ ವಿರಳ.

2022ರಲ್ಲಿ ರಷ್ಯವು ಯುಕ್ರೇನಿನ ಮೇಲೆ ಆಕ್ರಮಣ ಮಾಡಿದ ಮೇಲೆ ಈ ಅಧ್ಯಯನ ಏತಕ್ಕೆಂದು ಕೇಳುವವರಿದ್ದಾರೆ. ಭಾಷೆಯನ್ನು ಕಲಿಯುವುದೆಂದರೆ ಆ ರಾಜ್ಯದ ನೀತಿಯನ್ನು ಒಪ್ಪುವುದಲ್ಲ. ಅವರ ಮಾತನ್ನು ಅವರ ಬಾಯಿಂದಲೇ ಕೇಳಿ, ಸತ್ಯಾಸತ್ಯಗಳನ್ನು ತಾನೇ ವಿವೇಚಿಸುವ ಶಕ್ತಿಯನ್ನು ಪಡೆಯುವುದು. ಕಷ್ಟಕಾಲದಲ್ಲಿಯೇ ಅಂಥವರು ಹೆಚ್ಚು ಬೇಕು.

ದೆಹಲಿಯಲ್ಲಿ 1965ರಲ್ಲಿ ಸ್ಥಾಪಿತವಾದ ರಷ್ಯನ್ ಅಧ್ಯಯನ ಸಂಸ್ಥೆಯು ಮುಂದೆ ಜವಾಹರಲಾಲ್ ನೆಹರೂ ವಿಶ್ವವಿದ್ಯಾನಿಲಯದಲ್ಲಿ ವಿಲೀನವಾಯಿತು. ಅಲ್ಲಿ ಅಕ್ಷರಾಭ್ಯಾಸದಿಂದಲೇ ಆರಂಭಿಸಿ ಪದವಿ ಪಡೆಯಬಹುದು. ಹೈದರಾಬಾದಿನ ಇಂಗ್ಲಿಷ್ ಮತ್ತು ವಿದೇಶೀ ಭಾಷೆಗಳ ವಿಶ್ವವಿದ್ಯಾನಿಲಯದಲ್ಲಿಯೂ ರಷ್ಯನ್ ವಿಭಾಗವಿದೆ. ಹಳ್ಳಿಯ ಬಡ ವಿದ್ಯಾರ್ಥಿಗೆ ಬುದ್ಧಿಯ ಕೊರತೆಯಿಲ್ಲ. ದೂರದ ಊರಿನ ಊಟ, ವಸತಿಗಳ ಚಿಂತೆಯೇ ದೊಡ್ಡದು. ವೈದ್ಯಕೀಯ, ತಾಂತ್ರಿಕ ಶಿಕ್ಷಣಗಳಿಗೆ ಉದಾರವಾಗಿ ನೆರವಾಗುವ ದಾನಿಗಳೂ ಹಳೆಯ ವಿದ್ಯಾರ್ಥಿಗಳೂ ಇಂತಹ ವಿದ್ಯೆಗೂ ಒಬ್ಬಿಬ್ಬರನ್ನು ಕೈಹಿಡಿದು ಕಳುಹಿಸಲಿ; ಅಧ್ಯಾಪಕರು ಅಂತಹ ಅಭಿರುಚಿಯ ಮಕ್ಕಳನ್ನು ಗುರುತಿಸಲಿ. ಬೀದರನ್ನೂ ಶ್ರೀಪರ್ವತವನ್ನೂ ಕಂಡ ಆ ವರ್ತಕನ ಮಾತು ಮೂಲದಿಂದಲೇ ಕನ್ನಡಕ್ಕೆ ಬರುವ ದಿನವು ಹಾಗಾದರೆ ದೂರವಿರದು.