ಮೊದಲ ತೊಂಬತ್ತು ದಿನಗಳು

ಮುಂಗಾರಿನ ಮಳೆ ಹಿಡಿದುಕೊಳ್ಳುವ ಹೊತ್ತಿಗೆ ನಮ್ಮ ನಾಡಿನ ಬಸ್ ನಿಲ್ದಾಣಗಳಲ್ಲಿ ಪ್ರತಿವರ್ಷವೂ ಒಂದು ದೃಶ್ಯವು ಕಾಣಬರುತ್ತದೆ. ಹೊಸದೊಂದು ಪೆಟ್ಟಿಗೆ, ಸುತ್ತಿ ಕಟ್ಟಿದ ಹಾಸಿಗೆ, ಚಟ್ನಿಪುಡಿಯ ಡಬ್ಬಿ. ಪಕ್ಕದಲ್ಲಿ ಮಾತಿಲ್ಲದೆ ನಿಂತ ತಂದೆ. ಮಗನೋ ಮಗಳೋ ಕಾಲೇಜಿಗೆ ಹೊರಟಿದ್ದಾರೆಂದು ಯಾರೂ ಹೇಳಬೇಕಾಗಿಲ್ಲ. ವಿಶ್ವವಿದ್ಯಾನಿಲಯ ಧನಸಹಾಯ ಆಯೋಗದ ಲೆಕ್ಕದಂತೆ ಒಂದು ಸೆಮಿಸ್ಟರಿಗೆ 90 ಬೋಧನಾ ದಿನಗಳು. ಇಷ್ಟರೊಳಗೆ ಊರು, ಊಟ, ನಿದ್ರೆ, ಸ್ನೇಹ, ಕೆಲವರಿಗೆ ಪಾಠದ ಭಾಷೆಯೂ ಒಮ್ಮೆಲೇ ಬದಲಾಗುತ್ತವೆ. ಇವೆಲ್ಲಕ್ಕೂ ಒಗ್ಗಿಕೊಳ್ಳಬೇಕಾದುದು ಒಂದೇ ಒಂದು ಮಿದುಳು.

ನಾವು ಮೊದಲ ವರ್ಷದಲ್ಲಿದ್ದಾಗ ನಮ್ಮ ಕೋಣೆಯ ಗೆಳೆಯನೊಬ್ಬನು ಆರನೆಯ ವಾರದಲ್ಲಿ ಪೆಟ್ಟಿಗೆ ಕಟ್ಟಿಕೊಂಡು ಊರಿಗೆ ಮರಳಿದನು. ಹಳ್ಳಿಯ ಶಾಲೆಯಲ್ಲಿ ಕನ್ನಡದಲ್ಲಿ ಓದಿ ತರಗತಿಗೇ ಮೊದಲಿಗನಾಗಿದ್ದ ಅವನಿಗೆ ರಸಾಯನಶಾಸ್ತ್ರದ ಮೊದಲ ಕಿರುಪರೀಕ್ಷೆಯಲ್ಲಿ 25ಕ್ಕೆ 6 ಅಂಕಗಳು ಬಂದಿದ್ದವು. “ನನಗೆ ಅಷ್ಟು ತಲೆ ಇಲ್ಲ ಕಣೋ” ಎಂಬುದೊಂದೇ ಅವನು ಕೊಟ್ಟ ಕಾರಣ. ಈ ತೀರ್ಮಾನವು ಎಷ್ಟು ಸರಿ ಎಂಬುದನ್ನು ಪರೀಕ್ಷಿಸಿ ನೋಡೋಣ.

ನಾವು ಕೇಳಿದುದನ್ನು ಆ ಕ್ಷಣಕ್ಕೆ ಹಿಡಿದಿಟ್ಟುಕೊಂಡು ಯೋಚಿಸಲು ನೆರವಾಗುವ ಸ್ಮೃತಿಗೆ ‘ಕಾರ್ಯಸ್ಮೃತಿ’ ಎನ್ನಬಹುದು. ಅದರ ಅಂಗಳ ಬಹಳ ಕಿರಿದು. ಏಳೆಂಟು ಸಂಗತಿಗಳು ಅದರಲ್ಲಿ ಹಿಡಿಸುತ್ತವೆಂದು 1956ರಲ್ಲಿ ಜಾರ್ಜ್ ಮಿಲ್ಲರ್ ಬರೆದನು. ಅದು ನಾಲ್ಕರಷ್ಟೇ ಇರಬೇಕೆಂದು 2001ರಲ್ಲಿ ನೆಲ್ಸನ್ ಕೋವನ್ ವಾದಿಸಿದನು. ಈಗ ಉಪನ್ಯಾಸಕರು ‘ಮೊಮೆಂಟಮ್’ ಎಂದರೆನ್ನಿ. ಇಂಗ್ಲಿಷಿನಲ್ಲಿ ಕಲಿತು ಬಂದವನಿಗೆ ಅದು ಪರಿಚಿತ ಪದ. ಅವನ ಅಂಗಳದಲ್ಲಿ ಅದು ಹೆಚ್ಚು ಜಾಗ ಬೇಡುವುದಿಲ್ಲ. ನಮ್ಮ ಗೆಳೆಯನಾದರೋ ಆ ಪದವನ್ನು ಹಿಡಿದು, ಅದು ‘ಸಂವೇಗ’ವೆಂದು ಗುರುತಿಸಿ, ವಾಕ್ಯಕ್ಕೆ ಹಿಂದಿರುಗುವಷ್ಟರಲ್ಲಿ ಉಪನ್ಯಾಸಕರು ಎರಡು ವಾಕ್ಯ ಮುಂದೆ ಹೋಗಿರುತ್ತಾರೆ. ವಿಷಯ ಅವನಿಗೆ ಗೊತ್ತು. ಅದರ ಹೊಸ ಹೆಸರು ಗೊತ್ತಿಲ್ಲ. ಬುದ್ಧಿಯ ಕೊರತೆಗೂ ಇದಕ್ಕೂ ಬಹಳ ಅಂತರವುಂಟು. ಜಡತ್ವ–ಇನರ್ಷಿಯಾ, ವೇಗೋತ್ಕರ್ಷ–ಆಕ್ಸಲರೇಷನ್ ಎಂದು ಎರಡು ಸಾಲಿನ ಪಟ್ಟಿಯೊಂದನ್ನು ಪಾಠದ ಹಿಂದಿನ ದಿನವೇ ಬರೆದುಕೊಂಡರೆ ಈ ಹೊರೆ ಬಹುಮಟ್ಟಿಗೆ ಇಳಿಯುತ್ತದೆ. ಇಂತಹ ಪಟ್ಟಿಯನ್ನು ಮೊದಲ ದಿನವೇ ಹಂಚುವ ಕಾಲೇಜುಗಳು ಹೆಚ್ಚಾಗಬಾರದೇ ಎಂದು ನಮಗೆ ಆಗಾಗ ಅನಿಸುತ್ತದೆ.

ಇನ್ನು ಮರೆವಿನ ಮಾತು. ಹರ್ಮನ್ ಎಬ್ಬಿಂಗ್‌ಹೌಸ್ ಎಂಬ ಜರ್ಮನ್ ವಿಜ್ಞಾನಿಯು ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ಬಾಯಿಪಾಠ ಮಾಡಿ, ತನ್ನ ಮೇಲೆಯೇ ಪ್ರಯೋಗ ನಡೆಸಿ, 1885ರಲ್ಲಿ ಫಲಿತಾಂಶಗಳನ್ನು ಪ್ರಕಟಿಸಿದನು. ಕಲಿತುದನ್ನು ಮತ್ತೆ ಕಲಿಯುವಾಗ ಎಷ್ಟು ಶ್ರಮ ಉಳಿಯುತ್ತದೆಂಬುದೇ ಅವನ ಅಳತೆಗೋಲು. ಇಪ್ಪತ್ತು ನಿಮಿಷಗಳ ಬಳಿಕ ಉಳಿತಾಯವು ಶೇಕಡಾ 58; ಒಂದು ದಿನದ ಬಳಿಕ ಸುಮಾರು 34; ತಿಂಗಳ ಬಳಿಕ 21. ಅರ್ಥವುಳ್ಳ ಪಾಠವು ಇಷ್ಟು ಬೇಗ ಅಳಿಸಿಹೋಗುವುದಿಲ್ಲ, ನಿಜ. ಆದರೆ ಮೊದಲ ದಿನದಲ್ಲಿಯೇ ಹೆಚ್ಚು ನಷ್ಟವಾಗುತ್ತದೆಂಬ ಮಾತು ಗಮನಾರ್ಹ. ಶಾಲೆಯಲ್ಲಿ ಮೇಷ್ಟ್ರು ಮರುದಿನ ಪ್ರಶ್ನೆ ಕೇಳಿ, ತಿಳಿಯದೆಯೇ ಈ ನಷ್ಟವನ್ನು ತುಂಬಿಕೊಡುತ್ತಿದ್ದರು. ಕಾಲೇಜಿನಲ್ಲಿ ಹಾಗೆ ಕೇಳುವವರು ವಿರಳ.

ಹಾಗಾದರೆ ಮತ್ತೆ ಮತ್ತೆ ಓದಿದರೆ ಸಾಕೇ? ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕೆ 2006ರಲ್ಲಿ ವಿದ್ಯಾರ್ಥಿಗಳ ಒಂದು ಗುಂಪಿಗೆ ಗದ್ಯಭಾಗವೊಂದನ್ನು ನಾಲ್ಕು ಅವಧಿಗಳಲ್ಲಿ ಓದಿಸಿದರು. ಇನ್ನೊಂದು ಗುಂಪು ಒಂದು ಅವಧಿ ಓದಿ, ಮೂರು ಅವಧಿ ಪುಸ್ತಕ ಮುಚ್ಚಿ ನೆನಪಿನಿಂದ ಬರೆಯಿತು. ಐದು ನಿಮಿಷಗಳ ಬಳಿಕ ಪರೀಕ್ಷಿಸಿದಾಗ ಬರಿದೇ ಓದಿದವರು ಶೇಕಡಾ 83ರಷ್ಟನ್ನೂ, ಬರೆದವರು 71ರಷ್ಟನ್ನೂ ಹೇಳಬಲ್ಲವರಾದರು. ಒಂದು ವಾರದ ಬಳಿಕ ತಕ್ಕಡಿ ತಿರುಗಿತು: ಓದಿದವರಲ್ಲಿ ಉಳಿದುದು 40, ಬರೆದವರಲ್ಲಿ 61. ಓದುತ್ತಿರುವಾಗ ‘ಎಲ್ಲ ಬಂತು’ ಎನಿಸುವುದು ಎಂತಹ ಮೋಸವೆಂಬುದು ಇದರಿಂದ ಸ್ಪಷ್ಟ. ನಮ್ಮ ಗೆಳೆಯನೂ ನಡುರಾತ್ರಿಯವರೆಗೆ ಓದಿದವನೇ. ಹದಿಹರೆಯದಲ್ಲಿ ದೇಹದ ಗಡಿಯಾರವು ತಾನಾಗಿಯೇ ತಡವಾಗಿ ನಡೆಯುವುದರಿಂದ ನಿದ್ರೆ ತಡವಾಗಿ ಬರುವುದು ಸಹಜ. ಬೆಳಗಿನ ತರಗತಿಯಾದರೋ ಕಾಯುವುದಿಲ್ಲ. ಕಲಿತುದು ಗಟ್ಟಿಯಾಗುವುದಕ್ಕೆ ಬೇಕಾದ ನಿದ್ರೆಗೇ ಹೀಗೆ ಕತ್ತರಿ ಬೀಳುತ್ತದೆ.

ಮನೆಯ ನೆನಪಿನ ಸಂಕಟವನ್ನು ಹುಡುಗುತನವೆಂದು ನಗುವವರಿದ್ದಾರೆ. ಆದರೆ ವೈದ್ಯರು ಅದನ್ನು ಮೂರು ಶತಮಾನಗಳ ಹಿಂದೆಯೇ ಲಕ್ಷ್ಯಕ್ಕೆ ತಂದುಕೊಂಡಿದ್ದರು. 1688ರಲ್ಲಿ ಯೋಹಾನ್ನೆಸ್ ಹೋಫರ್ ಎಂಬ ಸ್ವಿಸ್ ವೈದ್ಯವಿದ್ಯಾರ್ಥಿಯು ಬಾಸೆಲ್ ನಗರದಲ್ಲಿ ಮಂಡಿಸಿದ ಪ್ರಬಂಧದಲ್ಲಿ, ‘ಮರಳುವಿಕೆ’ ಹಾಗೂ ‘ನೋವು’ ಎಂಬ ಗ್ರೀಕ್ ಪದಗಳನ್ನು ಕೂಡಿಸಿ ‘ನಾಸ್ಟಾಲ್ಜಿಯಾ’ ಎಂಬ ಹೆಸರನ್ನು ಸೃಷ್ಟಿಸಿದನು. ಅವನು ಬಣ್ಣಿಸಿದ ರೋಗಿಗಳಲ್ಲಿ ಒಬ್ಬನು ಬರ್ನ್ ನಗರದಿಂದ ಬಾಸೆಲ್‌ಗೆ ಓದಲು ಬಂದಿದ್ದ ತರುಣ! ಜ್ವರದಿಂದ ಸಾಯುವಂತಾಗಿದ್ದ ಅವನು ಊರಿನ ದಾರಿ ಹಿಡಿಯುತ್ತಲೇ ಚೇತರಿಸಿಕೊಂಡನಂತೆ. ಇಂದು ಇದನ್ನು ರೋಗವೆಂದು ಯಾರೂ ಎಣಿಸುವುದಿಲ್ಲ. ಊಟ ನಿದ್ರೆಗಳು ವಾರಗಟ್ಟಲೆ ಕೆಟ್ಟರೆ ಮಾತ್ರ ವೈದ್ಯರನ್ನು ಕಾಣಬೇಕು. ಅದರಲ್ಲಿ ಸಂಕೋಚ ಸಲ್ಲದು.

ಎಲ್ಲಕ್ಕಿಂತ ಹೆಚ್ಚಾಗಿ ಹೊಸ ವಿದ್ಯಾರ್ಥಿಯನ್ನು ಕೊರೆಯುವುದು ‘ನಾನು ಇಲ್ಲಿಯವನಲ್ಲ’ ಎಂಬ ಭಾವ. ವಾಲ್ಟನ್ ಮತ್ತು ಕೋಹೆನ್ 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೊಸಬರಿಗೆ ಹಿರಿಯ ವಿದ್ಯಾರ್ಥಿಗಳ ಅನುಭವಗಳನ್ನು ಸುಮಾರು ಒಂದು ಗಂಟೆಯ ಕಾಲ ಪರಿಚಯಿಸಿದರು. ಮೊದಮೊದಲು ತಮಗೂ ಹಾಗೆಯೇ ಅನಿಸಿತ್ತು, ಕ್ರಮೇಣ ಅದು ಹೋಯಿತು ಎಂಬುದೇ ಅವುಗಳ ಸಾರ. ಮುಂದಿನ ಮೂರು ವರ್ಷಗಳಲ್ಲಿ ಕರಿಯ ವಿದ್ಯಾರ್ಥಿಗಳ ಅಂಕಗಳು ಏರಿ, ಬಿಳಿಯರೊಡನಿದ್ದ ಅಂತರವು ಅರ್ಧಕ್ಕಿಳಿಯಿತು. ಇಷ್ಟು ಸುಲಭವೇ ಎಂದು ಸಂಶಯಪಟ್ಟವರು ಸರಿಯಾಗಿಯೇ ಸಂಶಯಪಟ್ಟರು. 22 ವಿದ್ಯಾಸಂಸ್ಥೆಗಳಲ್ಲಿ ನಡೆದು 2023ರಲ್ಲಿ ಪ್ರಕಟವಾದ ಪ್ರಯೋಗದಂತೆ, ಹೊಸಬರು ಬೆರೆಯಲು ನಿಜವಾದ ಅವಕಾಶವಿದ್ದೆಡೆ ಮಾತ್ರ ಈ ಉಪಾಯವು ಫಲಿಸಿತು. ಬಾಗಿಲು ಮುಚ್ಚಿದ ಮನೆಯೊಳಗೆ ಧೈರ್ಯವೊಂದರಿಂದಲೇ ಹೋಗಲಾಗದಷ್ಟೆ.

ನಮ್ಮ ಗೆಳೆಯನು ಊರಿಗೆ ಹೋದ ಹತ್ತನೆಯ ದಿನ ಪಕ್ಕದ ಕೋಣೆಯ ಹಿರಿಯ ವಿದ್ಯಾರ್ಥಿಯೊಬ್ಬರು ಅವನಿಗೆ ಒಂದು ಕಾರ್ಡು ಬರೆದರು. ಅದೇ ಪರೀಕ್ಷೆಯಲ್ಲಿ ತಮಗೆ 4 ಅಂಕಗಳು ಬಂದಿದ್ದವೆಂದೂ, ಪದಗಳ ಪಟ್ಟಿಯ ನೋಟುಬುಕ್ಕು ತಮ್ಮಲ್ಲಿ ಇನ್ನೂ ಇದೆಯೆಂದೂ ಅದರಲ್ಲಿತ್ತು. ದೀಪಾವಳಿ ಕಳೆದ ಮರುವಾರ ಆ ಪೆಟ್ಟಿಗೆ ನಮ್ಮ ಕೋಣೆಗೆ ಹಿಂದಿರುಗಿತು. ಜೊತೆಗೆ ಈ ಸಲ ಎರಡು ಡಬ್ಬಿ ಚಟ್ನಿಪುಡಿ, ಒಂದು ಪಕ್ಕದ ಕೋಣೆಗೆ.