ಹೊಸ ಮನೆಗೂ ಬೂಸ್ಟು ಹಿಡಿಯಿತೇ?

ಆಟಿ ತಿಂಗಳು ಬಂತೆಂದರೆ ಮಂಗಳೂರಿನ ಅಂಗಡಿಗಳಲ್ಲಿ ವ್ಯಾಪಾರಕ್ಕಿಂತ ಮಾತೇ ಜಾಸ್ತಿ. ಹಂಪನಕಟ್ಟೆಯ ನಮ್ಮ ಪರಿಚಯದ ಜವುಳಿ ಅಂಗಡಿಯವರದ್ದು ಈ ಸಲ ಒಂದೇ ದೂರು. "ಒಕ್ಕಲಾಗಿ ವರ್ಷ ಆಗಿಲ್ಲ ಮಾರಾಯ್ರೆ, ಕಪಾಟಿನ ಹಿಂದೆ ಗೋಡೆಯೆಲ್ಲ ಕಪ್ಪು. ಮನೆಯವಳ ಧಾರೆ ಸೀರೆಗೂ ಬೂಸ್ಟು! ಪೇಂಟು ಸರಿಯಿಲ್ಲ ಅಂತ ಮೇಸ್ತ್ರಿ ಹೇಳ್ತಾನೆ, ಗೋಡೆ ಸರಿಯಿಲ್ಲ ಅಂತ ಪೇಂಟಿನವ ಹೇಳ್ತಾನೆ."

ಗಾಳಿಯ ಸುದ್ದಿ ಮಾತ್ರ ಇಬ್ಬರೂ ಎತ್ತಲಿಲ್ಲ ನೋಡಿ.

ಅಜ್ಜನ ಕಾಲದ ಹೆಂಚಿನ ಮನೆಗೆ ಯಾರೂ ಫ್ಯಾನು ಇಟ್ಟು ಗಾಳಿ ಆಡಿಸಿದ್ದಿಲ್ಲ. ಹೆಂಚಿನ ಸಂದಿಯೇ ಕಿಟಕಿ. ಹೊಗೆ, ಹಬೆ ಎಲ್ಲ ಮೇಲೇರಿ ತಾನಾಗಿ ಹೊರಗೆ ಹೋಗುತ್ತಿತ್ತು. ಬಚ್ಚಲೋ, ಮನೆಯಿಂದ ಮಾರು ದೂರ. ಈಗ ತಲೆ ಮೇಲೆ ಸ್ಲ್ಯಾಬು, ಕೋಣೆಗೊಂದು ಬಚ್ಚಲು, ಬಟ್ಟೆ ಒಣಗುವುದೂ ಹಾಲ್‌ನಲ್ಲೇ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಮೀರಿ ಮಳೆ ಸುರಿಯುವ ಊರಿನಲ್ಲಿ ಆ ತೇವ ಹೋಗುವುದೆಲ್ಲಿಗೆ ಸ್ವಾಮಿ? ಸೀರೆಗೇ.

ನಿಯಮ ಇಲ್ಲವೆಂದಲ್ಲ. ನಮ್ಮಂತಹ ಸೆಕೆ-ತೇವದ ಸೀಮೆಯಲ್ಲಿ ಕೋಣೆಯ ನೆಲದ ಆರನೇ ಒಂದು ಪಾಲು ಕಿಟಕಿ ಇರಬೇಕೆಂದು ರಾಷ್ಟ್ರೀಯ ಕಟ್ಟಡ ಸಂಹಿತೆ ಹೇಳುತ್ತದೆ. ಹತ್ತು-ಹನ್ನೆರಡರ ಕೋಣೆಗೆ 20 ಚದರಡಿ ಆಯಿತು. 2018ರ ಡಿಸೆಂಬರಿನಲ್ಲಿ ಕೇಂದ್ರದ 'ಇಕೋ ನಿವಾಸ್ ಸಂಹಿತೆ' ಬಂದಾಗ ಲೆಕ್ಕ ಇನ್ನೂ ಬಿಗಿಯಾಯಿತು. ತೆರೆಯುವ ಜಾಗ ಮಾತ್ರ ಲೆಕ್ಕಕ್ಕೆ! ಎರಡು ಬಾಗಿಲಿನ ಸ್ಲೈಡಿಂಗ್ ಕಿಟಕಿ ನಾಲ್ಕಕ್ಕೆ ನಾಲ್ಕಡಿ ಇದ್ದರೂ ತೆರೆಯುವುದು ಅರ್ಧವೇ, 8 ಚದರಡಿ. ಆದರೆ ಅದು ಬಂದದ್ದು 500 ಚದರ ಮೀಟರಿನ ನಿವೇಶನದಿಂದ ಮೇಲಕ್ಕೆ. ಅಂದರೆ ಹನ್ನೆರಡು ಸೆಂಟ್ಸು ಮೀರಬೇಕು. ಐದು ಸೆಂಟ್ಸಿನವರನ್ನು ಕೇಳುವವರು ಯಾರು?

ಬಚ್ಚಲಿಗೂ ಹೊರಗೆ ತೆರೆಯುವ ಎರಡಡಿ-ಎರಡಡಿಯಷ್ಟು ಕಿಂಡಿ ಬೇಕು. ಹೊರಗೋಡೆಯೇ ಇಲ್ಲವೆಂದರೆ ಶಾಫ್ಟು, ಎಗ್ಸಾಸ್ಟ್ ಫ್ಯಾನು.

"ಹೊರಗೂ ತೇವವೇ, ಫ್ಯಾನಿಂದ ಎಂತ ಪ್ರಯೋಜನ?" ಅಂದರು ಅಂಗಡಿಯವರು. ನ್ಯಾಯವಾದ ಪ್ರಶ್ನೆ. ಮಳೆಗಾಲದ ಗಾಳಿ ಮನೆಯನ್ನು ಒಣಗಿಸುವುದಿಲ್ಲ, ನಿಜ. ಆದರೆ ಬಿಸಿನೀರು ಸ್ನಾನದ ಹಬೆಯಲ್ಲಿ ಅದಕ್ಕಿಂತಲೂ ನೀರು ಹೆಚ್ಚು. ಅದನ್ನು ಹುಟ್ಟಿದಲ್ಲೇ ಹಿಡಿದು ಹೊರಗೆ ಹಾಕಬೇಕು. ಸ್ನಾನ ಆದ ಮೇಲೂ ಕಾಲು ಗಂಟೆ ಫ್ಯಾನು ತಿರುಗಲಿ. ಬಾಗಿಲ ಕೆಳಗೆ ಬೆರಳು ತೂರುವಷ್ಟು ಸಂದಿ ಬಿಡಿ. ಗಾಳಿ ಒಳಗೆ ಬಾರದೆ ಹೊರಗೆ ಹೋಗುವುದಿಲ್ಲ. ಕೆಲವು ಕಡೆ ಫ್ಯಾನಿನ ಬಾಯಿ ಫಾಲ್ಸ್ ಸೀಲಿಂಗಿನೊಳಗೇ ಇರುತ್ತದೆ. ಬೂಸ್ಟಿಗೆ ಅಟ್ಟ ಕಟ್ಟಿಸಿಕೊಟ್ಟ ಹಾಗೆ!

ಎ.ಸಿ. ಕೋಣೆಯದ್ದು ಉಲ್ಟಾ. ಎ.ಸಿ. ಓಡುವಾಗ ಫ್ಯಾನನ್ನೂ ಬಿಡದೆ ಓಡಿಸಿದರೆ ಹೊರಗಿನ ಒದ್ದೆ ಗಾಳಿಯನ್ನು ಕರೆಂಟು ಕೊಟ್ಟು ಒಳಗೆ ಕರೆದಂತೆ.

ಸೀರೆ ಹೋದರೆ ಹೋಗಲಿ. ಮಾತಿನ ನಡುವೆ ಅವರು, "ಬಚ್ಚಲಲ್ಲಿ ಗ್ಯಾಸ್ ಗೀಸರ್ ಇದೆ, ಕಿಂಡಿಗೆ ಮಳೆ ಬೀಳ್ತದೆ ಅಂತ ಗಾಜು ಕೂರಿಸಿದೆ" ಅಂದಾಗ ನನಗೆ ಎದೆ ಧಸಕ್ಕೆಂದಿತು. ಮುಚ್ಚಿದ ಬಚ್ಚಲಲ್ಲಿ ಗ್ಯಾಸ್ ಉರಿದರೆ ಕಾರ್ಬನ್ ಮೊನಾಕ್ಸೈಡ್ ತುಂಬುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಸ್ನಾನಕ್ಕೆ ಹೋದವರು ಹೊರಗೆ ಬಾರದ ಸುದ್ದಿಯನ್ನು ನಮ್ಮ ರಾಜ್ಯದ ಪತ್ರಿಕೆಗಳು ಎಷ್ಟು ಸಲ ಅಚ್ಚು ಹಾಕಿಲ್ಲ! ಇದಕ್ಕೆ ಫ್ಯಾನು ಮದ್ದಲ್ಲ. ಗೀಸರನ್ನೇ ಹೊರಗೆ ಇಡಬೇಕು.

ಮರುದಿನವೇ ಪ್ಲಂಬರನ್ನು ಕರೆಸಿ ಹಿಂದಿನ ಜಗಲಿಗೆ ಹಾಕಿಸಿದರಂತೆ. ಗಾಜೂ ತೆಗೆಸಿದ್ದಾರೆ. ಕೋಣೆಯ ಕಿಟಕಿ ಮಾತ್ರ ಹಾಗೇ ಇದೆ. ಗೋಡೆ ಒಡೆಯಲು ಮಳೆ ಬಿಡಬೇಕು ಎಂದಿದ್ದಾನೆ ಮೇಸ್ತ್ರಿ.