ಬೇಟೆನಾಯಿಯ ಬಣ್ಣವೂ ಕಿವಿಯೂ

ನಾರ್ವೆ ದೇಶದಲ್ಲಿ ಮೊಲದ ಬೇಟೆಗೆ ಬಳಸುವ ಡುಂಕರ್ ಎಂಬ ನಾಯಿಯ ತಳಿಯೊಂದಿದೆ. 19ನೆಯ ಶತಮಾನದಲ್ಲಿ ಇದನ್ನು ಬೆಳೆಸಿದ ವಿಲ್ಹೆಲ್ಮ್ ಡುಂಕರನ ಹೆಸರೇ ತಳಿಗೂ ನಿಂತಿದೆ. ಈ ನಾಯಿಗಳಲ್ಲಿ ಅನೇಕವುಗಳ ಬೆನ್ನಿನ ಮೇಲೆ ನೀಲಿ ಛಾಯೆಯ ಬೂದುಬಣ್ಣವೂ ಅದರ ನಡುನಡುವೆ ಕಪ್ಪು ಮಚ್ಚೆಗಳೂ ಹರಡಿ, ಅಮೃತಶಿಲೆಯ ನೆನಪನ್ನು ತರುವುವು. ಇಂತಹ ಮೈಬಣ್ಣಕ್ಕೆ ಮರ್ಲ್ ಎಂದು ಹೆಸರು. ನೋಡಲು ಬಹು ಸೊಗಸು. ಆದರೆ ಮರ್ಲ್ ಬಣ್ಣದ ಗಂಡಿಗೂ ಹೆಣ್ಣಿಗೂ ಮರಿಹಾಕಿಸಬಾರದು. ಇದೇಕೆ?

ಕೂದಲಿಗೆ ಬಣ್ಣ ಕೊಡುವುದು ಮೆಲನಿನ್ ಎಂಬ ವಸ್ತು. ಅದರಲ್ಲಿ ಕಪ್ಪು-ಕಂದು ಒಂದು ಬಗೆ, ಕೆಂಪು-ಹಳದಿ ಇನ್ನೊಂದು. ಬಿಳುಪಿಗೆಂದು ಬೇರೆ ವಸ್ತುವಿಲ್ಲ. ಮೆಲನಿನ್ ಇಲ್ಲದ ಕೂದಲೇ ಬಿಳಿಯ ಕೂದಲು. ಮೆಲನಿನ್ನನ್ನು ತಯಾರಿಸುವ ವರ್ಣಕೋಶಗಳು ಭ್ರೂಣದ ಬೆನ್ನಿನುದ್ದಕ್ಕೂ ಹುಟ್ಟಿ, ಸಂಖ್ಯೆಯಲ್ಲಿ ಹೆಚ್ಚುತ್ತ ಇಕ್ಕೆಲಗಳಿಗೂ ಹರಡುವುವು. ಪಾದ, ಎದೆ, ಬಾಲದ ತುದಿ ಇವೆಲ್ಲ ದೂರದ ಊರುಗಳು. ಬೀಗಲ್ ನಾಯಿಯ ಬಾಲದ ತುದಿ ಬೆಳ್ಳಗಿರುವುದು ಅಲ್ಲಿ ಈ ಕೋಶಗಳು ನೆಲೆಸಲಿಲ್ಲವೆಂಬುದರ ಗುರುತು.

ಬಾಲದ ತುದಿ ಬೆಳ್ಳಗಾದರೆ ನಾಯಿಗೇನೂ ನಷ್ಟವಿಲ್ಲ. ಆದರೆ ಇದೇ ಕೋಶಗಳು ಒಳಕಿವಿಗೂ ಹೋಗಬೇಕು. ಅಲ್ಲಿ ಅವುಗಳ ಕೆಲಸ ಬಣ್ಣ ಬಳಿಯುವುದಲ್ಲ. ಶಂಖದಂತೆ ಸುರುಳಿಯಾದ ನಾಳದೊಳಗಿನ ದ್ರವದಲ್ಲಿ ಸುಮಾರು 80 ಮಿಲಿವೋಲ್ಟಿನ ವಿದ್ಯುದ್ವಿಭವವನ್ನು ಕಾಪಾಡುವುದು. ಟಾರ್ಚಿನ ಬ್ಯಾಟರಿಯ 1.5 ವೋಲ್ಟಿನ ಮುಂದೆ ಇದೆಷ್ಟರದು ಎನಿಸಬಹುದು. ಭೌತವಿಜ್ಞಾನವನ್ನು ಪಾಠ ಹೇಳುವ ನನಗಂತೂ ಈ ಪುಟ್ಟ ಬ್ಯಾಟರಿ ಮೈಬಣ್ಣಕ್ಕಿಂತ ಹೆಚ್ಚು ಬೆರಗಿನದು. ಇದಿಲ್ಲವಾದರೆ ಶಬ್ದವನ್ನು ಗ್ರಹಿಸುವ ಕೋಶಗಳು ಮರಿ ಹುಟ್ಟಿದ ಕೆಲವೇ ವಾರಗಳಲ್ಲಿ ನಶಿಸುವುವು.

ಮರ್ಲ್ ಬಣ್ಣಕ್ಕೆ ಕಾರಣ, ವರ್ಣಕ್ಕೆ ಸಂಬಂಧಿಸಿದ ಒಂದು ಜೀನಿನೊಳಗೆ ಸೇರಿಕೊಂಡ ಡಿ.ಎನ್.ಎ. ತುಣುಕೆಂದು 2006ರಲ್ಲಿ ಅಮೆರಿಕದ ಸಂಶೋಧಕರು ಪ್ರಕಟಿಸಿದರು. ತಂದೆತಾಯಿಗಳಲ್ಲಿ ಒಬ್ಬರಿಂದ ಮಾತ್ರ ಈ ತುಣುಕು ಬಂದರೆ ಕಪ್ಪು ಅಲ್ಲಲ್ಲಿ ತಿಳಿಯಾಗುವುದು. ಇಬ್ಬರಿಂದಲೂ ಬಂದರೆ ಮೈಯ ಬಹುಭಾಗ ಬೆಳ್ಳಗಾಗಿ, ಅಂತಹ ಮರಿಗಳಲ್ಲಿ ಹಲವು ಕಿವುಡಾಗಿಯೋ ದೋಷವುಳ್ಳ ಕಣ್ಣುಗಳಿಂದಲೋ ಹುಟ್ಟುವುವು. ಎರಡು ನಾಣ್ಯಗಳನ್ನು ಒಟ್ಟಿಗೆ ಚಿಮ್ಮಿದಾಗ ಎರಡೂ ತಲೆ ಬೀಳುವ ಸಂಭವ ನಾಲ್ಕರಲ್ಲಿ ಒಂದು. ಮರ್ಲ್ ಜೋಡಿಯ ಪ್ರತಿಯೊಂದು ಮರಿಗೂ ಈ ಗಂಡಾಂತರ ಅಷ್ಟೇ. ಜೊತೆಯ ನಾಯಿಯಲ್ಲಿ ಈ ತುಣುಕಿಲ್ಲದಿದ್ದರೆ ಆ ಭಯವಿಲ್ಲ.

ಆದರೆ ಕಣ್ಣಳತೆಯನ್ನೇ ನಂಬುವಂತಿಲ್ಲ. ಈ ತುಣುಕು ತಿಳಿಗೊಳಿಸುವುದು ಕಪ್ಪು-ಕಂದು ಮೆಲನಿನ್ನನ್ನು ಮಾತ್ರ. ಮೈಯೆಲ್ಲ ಕೆಂಪು-ಹಳದಿಯಾದ ನಾಯಿಯಲ್ಲಿ ಮರ್ಲ್ ಅಡಗಿದ್ದರೂ ಹೊರಗೆ ಕಾಣಿಸದು. ಅಂತಹ ನಾಯಿಯನ್ನು ಜೊತೆಗೂಡಿಸುವ ಮುನ್ನ ಅದರ ಡಿ.ಎನ್.ಎ.ಯನ್ನು ಪರೀಕ್ಷಿಸಬೇಕಾಗುವುದು.